ರಾಮನಗರದ ಬಂಡೆ ಯಾರಿಗೆ ಬೇಕು?

ಒಂದು ಜಿಲ್ಲೆಯ ಶಿಲೆಗಳ ಕುರಿತ ಸಂಶೋಧನಾ ಪ್ರಬಂಧ ಬರೀ ಸ್ಥಳೀಯ ಆಸಕ್ತಿಯದ್ದು, ಅದಕ್ಕೇ ದೊಡ್ಡ ಜರ್ನಲ್‌ಗಳು ವಾಪಸ್ ಕಳಿಸುತ್ತವೆ ಅಂತ ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪಲು ಕಷ್ಟ. ರಾಮನಗರದ ಬೆಟ್ಟಗಳ ಕ್ಲೋಸ್‌ಪೇಟೆ (ರಾಮನಗರದ ಹಳೆಯ ಹೆಸರು) ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂಖಂಡಗಳ ತೊಗಟೆ ಹೇಗೆ ರೂಪುಗೊಂಡಿತು ಎಂದು ಹುಡುಕುವ ವಿದೇಶಿಯರೂ ಅದರ ಮೇಲೆ ಕೆಲಸ ಮಾಡಿದ್ದಾರೆ. ಜರ್ನಲ್‌ಗಳಿಗಾಗಿ ನಾನು ಪರಿಶೀಲಿಸಿದ ಹಸ್ತಪ್ರತಿಗಳು ತಿರಸ್ಕೃತವಾದದ್ದು ಬೇರೆ ಕಾರಣಕ್ಕೆ: ಮಾದರಿ ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಇಲ್ಲ, ನಕ್ಷೆಗೆ ಅಳತೆಪಟ್ಟಿ ಇಲ್ಲ, ಪೀಠಿಕೆ ಮಾತ್ರ ನಾಲ್ಕು ಪುಟ! ಇನ್ನು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ದಶಕಗಟ್ಟಲೆ ಸಂಪಾದಿಸಿದ ಭಾರತೀಯ ಭೂವೈಜ್ಞಾನಿಕ ಸಂಘದ ಜರ್ನಲ್ ನಮ್ಮ ಬೆಂಗಳೂರಿನದೇ. ಅಲ್ಲಿ ಪ್ರಕಟವಾದರೆ ಬಡ್ತಿಗೆ ಅಂಕ ಕಡಿಮೆ ಎನ್ನುವ ವಿಶ್ವವಿದ್ಯಾಲಯಗಳನ್ನು ಬಿಟ್ಟು ಸಂಪಾದಕರನ್ನು ದೂರುವುದು ಯಾವ ನ್ಯಾಯ ಸ್ವಾಮಿ?