ಬಂಗಾಳ ಕಾಣದ ಬೆಂಗಾಲಸ್

ಮೊನ್ನೆ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಒಂದು ಹಕ್ಕಿಯ ಹೆಸರು ಹುಡುಕಿದೆ. ಕಾರ್ಡನ್ ಬ್ಲೂ. ಬಂದದ್ದೆಲ್ಲ ಕೋಳಿ. ಒಳಗೆ ಚೀಸ್ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಕೋಳಿ. ಹತ್ತು ಗ್ರಾಂ ತೂಗುವ ಹಕ್ಕಿಯನ್ನು ಕೇಳಿದರೆ ತಟ್ಟೆ ತುಂಬ ಮಾಂಸ ತಂದಿಡುವ ಈ ಯಂತ್ರಕ್ಕೆ ಏನು ಹೇಳೋಣ? ಮೂರು ಪುಟ ಕೆಳಗೆ ಹೋದ ಮೇಲೆ ಒಂದು ಹಕ್ಕಿ ಕಾಣಿಸಿತು. ಅಷ್ಟರಲ್ಲಿ ನಿದ್ದೆಯೂ ಹೋಗಿತ್ತು, ಸಹನೆಯೂ ಹೋಗಿತ್ತು.

ಯಂತ್ರದ್ದೊಂದೇ ತಪ್ಪಲ್ಲ ಬಿಡಿ. ಆ ಫ್ರೆಂಚ್ ಮಾತಿಗೆ ನೀಲಿ ಪಟ್ಟಿ ಅಂತ ಅರ್ಥ. 1578ರಲ್ಲಿ ಫ್ರಾನ್ಸಿನ ರಾಜ ಮೂರನೇ ಹೆನ್ರಿ ಒಂದು ಸರದಾರರ ಕೂಟ ಕಟ್ಟಿದ, ಅವರು ಪದಕವನ್ನು ನೀಲಿ ಪಟ್ಟಿಯಲ್ಲಿ ತೂಗುಹಾಕಿಕೊಳ್ಳುತ್ತಿದ್ದರು. ಆಮೇಲೆ ಆ ಹೆಸರು ಒಳ್ಳೆಯ ಅಡುಗೆಯವರಿಗೂ ಬಂತು, ಅಲ್ಲಿಂದ ಕೋಳಿಗೂ ಬಂತು. ಎದೆಯೆಲ್ಲ ನೀಲಿ ಇದ್ದ ತಪ್ಪಿಗೆ ಈ ಹಕ್ಕಿಯೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು.

ಇದರ ವೈಜ್ಞಾನಿಕ ಹೆಸರು ಇನ್ನೂ ಚೆನ್ನಾಗಿದೆ. ಯುರೇಗಿಂಥಸ್ ಬೆಂಗಾಲಸ್. ಅಂದರೆ ಬಂಗಾಳದ್ದು. ಹಕ್ಕಿ ಇರುವುದು ಆಫ್ರಿಕಾದಲ್ಲಿ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾವರೆಗೆ, ಕೆಳಗೆ ಜಾಂಬಿಯಾವರೆಗೆ, ಒಣ ಹುಲ್ಲುಗಾವಲು ಮತ್ತು ಮುಳ್ಳುಪೊದೆಗಳ ನಡುವೆ. 1760ರಲ್ಲಿ ಬ್ರಿಸ್ಸನ್ ಎಂಬ ಫ್ರೆಂಚ್ ಪಂಡಿತ ಇದನ್ನು ವರ್ಣಿಸುವಾಗ ಬಂಗಾಳದಿಂದ ಬಂದದ್ದು ಅಂದುಕೊಂಡ. 1766ರಲ್ಲಿ ಲಿನೇಯಸ್, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ಕಟ್ಟಿದ, ಆದರೆ ಆಫ್ರಿಕಾವನ್ನೂ ಕಾಣದ, ಬಂಗಾಳವನ್ನೂ ಕಾಣದ ಮಹಾನುಭಾವ, ಸ್ವೀಡನ್ನಿನಲ್ಲಿ ಕೂತು ಅದಕ್ಕೇ ಮುದ್ರೆ ಒತ್ತಿದ. ಪ್ರಾಣಿಗಳ ಹೆಸರಿನ ನಿಯಮ ಹೀಗಿದೆ: ಅರ್ಥ ತಪ್ಪು ಅನ್ನುವ ಒಂದೇ ಕಾರಣಕ್ಕೆ ಹಳೆಯ ಹೆಸರನ್ನು ಕಿತ್ತುಹಾಕುವಂತಿಲ್ಲ.

ಈ ನಿಯಮ ಓದಿದಾಗ ನನಗೆ ಮೈ ಉರಿಯಿತು. ಯಾಕೆಂದರೆ ನಾನೂ ಒಂದು ಬೆಂಗಾಲಸ್. ನನ್ನ ಇನಿಷಿಯಲ್ ಎಂ. ಒಂದು ಕಚೇರಿಯ ಗುಮಾಸ್ತರು ಯಾವುದೋ ಕಾಲದಲ್ಲಿ ಅದನ್ನು ಎನ್ ಅಂತ ಬರೆದರು. ಒಂದು ಅಕ್ಷರ ತಾನೇ, ತಿದ್ದಿಕೊಡಿ ಅಂದೆ. ಒಮ್ಮೆ ಎಂಟ್ರಿ ಆದದ್ದು ಆಯಿತು ಸ್ವಾಮಿ, ಬೇಕಾದರೆ ಎಂ ಮತ್ತು ಎನ್ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ ಅಂದರು. ತಂದುಕೊಟ್ಟೆ. ಅದರಲ್ಲಿ ಟೈಪ್ ಮಾಡಿದವರು ಎಲ್ ಅಂತ ಹೊಡೆದಿದ್ದರು. ಈಗ ನಾವು ಮೂವರು. ಮೂವರೂ ಒಬ್ಬರೇ ಅಂತ ಹೊಸ ಅಫಿಡವಿಟ್ ಮಾಡಿಸಿದೆ, ಅದಕ್ಕೆ ಸಾಕ್ಷಿ ಬೇಕಂತೆ, ಸಾಕ್ಷಿಯ ಹೆಸರು ಅವರ ಗುರುತಿನ ಚೀಟಿಯಲ್ಲಿ ಬೇರೆ ಥರ ಇತ್ತು. ಕೊನೆಗೆ ಆ ಗುಮಾಸ್ತರು ಬಹಳ ಪ್ರೀತಿಯಿಂದಲೇ ಕೇಳಿದರು, ನೀವೇ ಎನ್ ಅಂತ ಬದಲಾಯಿಸಿಕೊಂಡುಬಿಡಿ, ಏನು ನಷ್ಟ? ಏನು ನಷ್ಟ ಅಂತ ನನಗೂ ಹೊಳೆಯಲಿಲ್ಲ. ಅದೇ ಇನ್ನೂ ಜಾಸ್ತಿ ಕೋಪ ತರಿಸಿತು.

ಹಕ್ಕಿಗಳಲ್ಲಿ ನನ್ನಂಥವರು ಸುಮಾರು ಜನ ಇದ್ದಾರೆ. ನಗುವ ಕೂಕಬರ‍್ರಾ ಆಸ್ಟ್ರೇಲಿಯಾದ್ದು, ಅದರ ವೈಜ್ಞಾನಿಕ ಹೆಸರಲ್ಲಿರುವುದು ನ್ಯೂಗಿನಿ, ಅಲ್ಲಿ ಆ ಹಕ್ಕಿಯೇ ಇಲ್ಲ. ಒಂದು ಸ್ವರ್ಗದ ಹಕ್ಕಿಗೆ ಇದೇ ಲಿನೇಯಸ್ ಕೊಟ್ಟ ಹೆಸರು ಅಪೋಡ, ಕಾಲಿಲ್ಲದ್ದು ಅಂತ. ವ್ಯಾಪಾರಿಗಳು ಕಾಲು ಕತ್ತರಿಸಿದ ಚರ್ಮ ಯೂರೋಪಿಗೆ ತರುತ್ತಿದ್ದರು, ಅಷ್ಟೇ. ಕಾಲು ಇವತ್ತಿಗೂ ಇದೆ, ಹೆಸರೂ ಇದೆ.

ನಾನು ಬರೆಯಬೇಕು ಅಂದುಕೊಂಡದ್ದು ಕಾಲಿನ ಬಗ್ಗೆಯೇ. ನಮ್ಮ ಬೆಂಗಾಲಸ್ ಹುಲ್ಲಿನ ಬೀಜ ತಿನ್ನುತ್ತದೆ, ಸಿಕ್ಕರೆ ಗೆದ್ದಲನ್ನೂ. ಗೂಡಿನಲ್ಲಿ ಗೀಜಗನ ಕುಸುರಿಯಿಲ್ಲ, ಒಣಹುಲ್ಲಿನ ಉಂಡೆಗೆ ಪಕ್ಕದಲ್ಲೊಂದು ಬಾಗಿಲು, ಒಳಗೆ ನಾಲ್ಕೈದು ಬಿಳಿ ಮೊಟ್ಟೆ. ಈ ಗುಂಪಿನ ಹಕ್ಕಿಗಳು ಕೆಲವು ಸಲ ಕುಟುಕುವ ಕಣಜದ ಹುಳುಗಳ ಗೂಡಿನ ಪಕ್ಕದಲ್ಲೇ ಮನೆ ಮಾಡುತ್ತವೆ, ಸಂಬಳವಿಲ್ಲದ ಕಾವಲುಗಾರರು. ಜೊತೆಗಾರ್ತಿಯನ್ನು ಒಲಿಸುವಾಗ ಗಂಡು ಒಂದು ಹುಲ್ಲೆಳೆ ಕಚ್ಚಿಕೊಂಡು ಕೊಂಬೆಯ ಮೇಲೆ ಕುಪ್ಪಳಿಸುತ್ತಾ ಹಾಡುತ್ತದೆ. ಜನ ತುಂಬಾ ಕಾಲದಿಂದ ಇವನ್ನು ಪಂಜರದಲ್ಲಿ ಸಾಕಿ ಇದನ್ನೆಲ್ಲ ನೋಡಿದ್ದರು. ಆದರೆ 2015ರಲ್ಲಿ ಜಪಾನ್ ಮತ್ತು ಜರ್ಮನಿಯ ಸಂಶೋಧಕರು ಇದರ ದಾಯಾದಿ, ತಲೆಯೆಲ್ಲ ನೀಲಿ ಇರುವ ಇನ್ನೊಂದು ಜಾತಿಯನ್ನು, ಸೆಕೆಂಡಿಗೆ 300 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಹಿಡಿದರು. ಪ್ರತಿ ಕುಪ್ಪಳಿಕೆಯ ಒಳಗೆ ಕಾಲು ಪಟಪಟ ಅಂತ ಕೊಂಬೆಯನ್ನು ಹಲವು ಸಲ ಬಡಿಯುತ್ತಿತ್ತು! ಗಂಡು ಮಾತ್ರ ಅಲ್ಲ, ಹೆಣ್ಣೂ. ಕಣ್ಣೆದುರೇ ನಡೆಯುತ್ತಿತ್ತು, ನಮ್ಮ ಕಣ್ಣಿಗೆ ಆ ವೇಗ ಇರಲಿಲ್ಲ. ಇದರಿಂದ ಏನೋ ಒಂದು ದೊಡ್ಡ ಮಾತು ಹೊರಡುತ್ತದೆ ಅಂತ ಅವತ್ತು ರಾತ್ರಿ ಗಟ್ಟಿಯಾಗಿ ಅನಿಸಿತ್ತು. ಬೆಳಿಗ್ಗೆ ನೆನಪಾಗಲಿಲ್ಲ.

ಅದರ ಬದಲು ಕೂತು ಕನ್ನಡದಲ್ಲಿ ಸರಿಯಾದ ಹೆಸರಿಡಲು ಹೊರಟೆ. ಫಿಂಚ್ ಅನ್ನುವ ಹಾಗಿಲ್ಲ, ನಿಜವಾದ ಫಿಂಚ್‌ಗಳ ಕುಟುಂಬವೇ ಬೇರೆ, ಇದು ನಮ್ಮ ರಾಟವಾಳಗಳ, ಅಂದರೆ ಮುನಿಯಾ ಹಕ್ಕಿಗಳ ಬಳಗ. ಹಾಗಾದರೆ ಕೆಂಪುಗೆನ್ನೆಯ ರಾಟವಾಳ? ಕೆನ್ನೆಯ ಆ ಕೆಂಪು ಚುಕ್ಕೆ ಗಂಡಿಗೆ ಮಾತ್ರ. ಹೆಣ್ಣಿನ ಕೆನ್ನೆಯಲ್ಲಿ ಚುಕ್ಕೆಯೇ ಇಲ್ಲ, ಅರ್ಧ ಸಂಸಾರಕ್ಕೆ ತಪ್ಪು ಹೆಸರು. ನೀಲಿ ರಾಟವಾಳ? ದಾಯಾದಿಗಳೆಲ್ಲ ಜಗಳಕ್ಕೆ ಬರುತ್ತಾರೆ, ಅವೂ ನೀಲಿಯೇ. ಕೊನೆಗೆ ನಮ್ಮ ಹಿರಿಯರ ಉಪಾಯವೇ ವಾಸಿ ಅನಿಸಿತು. ಹೊರಗಿನಿಂದ ಬಂದ ಸುಣ್ಣ ಸೀಮೆಸುಣ್ಣ, ಹೊರಗಿನಿಂದ ಬಂದ ಎಣ್ಣೆ ಸೀಮೆಎಣ್ಣೆ. ಊರಿನ ಹೆಸರು ಹೇಳಿದರೆ ತಾನೇ ತಪ್ಪಾಗುವುದು, ಅಲ್ವಾ?

ಸೀಮೆ ರಾಟವಾಳ. ಯಾವ ಸೀಮೆ ಅಂತ ಕೇಳಬೇಡಿ, ಎಂಟ್ರಿ ಆಗಿಹೋಗಿದೆ.