ಜ್ವರದ ಚೀಟಿ

ಆಗಸ್ಟ್ ಬಂತೆಂದರೆ ನಮ್ಮ ಮನೆಯಲ್ಲಿ ಪೇಪರ್ ಬಿಡಿಸಿದ ಕೂಡಲೇ ನೋಡುವುದು ಜೋಗದ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ. ರಾಜಕೀಯ, ಕ್ರಿಕೆಟ್ಟು ಎಲ್ಲ ಆಮೇಲೆ. ತುಂಬಿದರೆ 1819 ಅಡಿ. ಶಿವಮೊಗ್ಗ ಕಡೆಯ ಮಕ್ಕಳಿಗೆ ಹದಿನೆಂಟರ ಮಗ್ಗಿ ಬರದಿದ್ದರೂ ಈ ಸಂಖ್ಯೆ ಬರುತ್ತದೆ. ಆ ವಾರ ಮಂಗಳವಾರ 1816 ಇದ್ದದ್ದು ಬುಧವಾರ 1817 ಆಯ್ತು. ಗೇಟು ತೆಗೆಯುತ್ತಾರಂತೆ ಅನ್ನುವ ಸುದ್ದಿಯೂ ಬಂತು.

"ನಾಳೆ ಜೋಗಕ್ಕೆ ಹೋಗಿಬರೋಣ" ಅಂದರು ಇವರು.

"ನಾಳೆ ಗುರುವಾರ ಕಣ್ರೀ. ಇವಳಿಗೆ ಸ್ಕೂಲಿದೆ."

"ಭಾನುವಾರ ಹೋದರೆ ನೀರಿಗಿಂತ ಕಾರೇ ಜಾಸ್ತಿ ಕಾಣ್ತವೆ. ಹುಷಾರಿಲ್ಲ ಅಂತ ಒಂದು ಚೀಟಿ ಕೊಟ್ಟರಾಯ್ತು."

ಐದನೇ ಕ್ಲಾಸಿನ ಮಗಳು ಒಳಗಿನಿಂದ ಓಡಿ ಬಂದಳು. "ಲೀವ್ ಲೆಟರ್ ನಾನೇ ಬರೀತೀನಿ ಅಮ್ಮ. ನಂಗೆ ಬಾಯಿಪಾಠ ಬರುತ್ತೆ!"

ಬರದೆ ಏನು? ಪರೀಕ್ಷೆಯಲ್ಲಿ ಪತ್ರಲೇಖನ ಅಂತ ಒಂದು ಪ್ರಶ್ನೆ ಇರುತ್ತದಲ್ಲ, ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ ಅಂತ. ನಾನೂ ಬರೆದಿದ್ದೇನೆ, ನೀವೂ ಬರೆದಿರುತ್ತೀರಿ. ಗುಂಡುಕಲ್ಲಿನ ಹಾಗಿರುವ ನಲವತ್ತು ಮಕ್ಕಳು ಸಾಲಾಗಿ ಕೂತು 'ನನಗೆ ನಿನ್ನೆಯಿಂದ ಜ್ವರ ಬಂದಿರುವ ಕಾರಣ' ಎಂದು ಬರೆಯುತ್ತಾರೆ. ಟೀಚರ್ ಅಷ್ಟೂ ಜ್ವರವನ್ನು ಓದಿ, ಐದಕ್ಕೆ ನಾಲ್ಕು ಕೊಡುತ್ತಾರೆ. ಒಂದು ಮಾರ್ಕು ಹೋಗುವುದು ಸುಳ್ಳಿಗಲ್ಲ, ದಿನಾಂಕ ಹಾಕದ್ದಕ್ಕೆ. ಜ್ವರ ಬೇಡವೆನ್ನುವವರಿಗೆ ಇನ್ನೊಂದು ಕಾರಣ ಇತ್ತು, ಅಕ್ಕನ ಮದುವೆ. ನಮ್ಮ ಕ್ಲಾಸಿನಲ್ಲಿ ಅಕ್ಕ ಇಲ್ಲದವರೂ ವರ್ಷಕ್ಕೆ ಎರಡು ಸಲ ಅಕ್ಕನ ಮದುವೆ ಮಾಡಿಸುತ್ತಿದ್ದರು. 'ಅಪ್ಪನಿಗೆ ಜೋಗ ನೋಡುವ ಆಸೆಯಾಗಿರುವುದರಿಂದ' ಎಂದು ಬರೆದವರನ್ನು ನಾನು ಕಂಡಿಲ್ಲ.

ಹಾಗಂತ ನಾವು ನಿಜವಾದ ಶಾಲೆಗೆ ನಿಜವಾದ ಚೀಟಿ ಕೊಟ್ಟದ್ದು ಕಡಿಮೆಯೇ. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅದರ ಅಗತ್ಯ ಇರಲಿಲ್ಲ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಮಾಸ್ತರಿಗೆ ಗೊತ್ತಾಗುತ್ತಿತ್ತು. ಕೊನೆಗಾರ ಮರ ಹತ್ತಿ ಕೊನೆ ಇಳಿಸುವುದು, ನಾವು ಉದುರಿದ ಅಡಿಕೆ ಹೆಕ್ಕುವುದು, ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಎದುರು ಕೂತು ದೊಡ್ಡವರು ಸುಲಿಯುತ್ತಾ ಹೇಳುವ ಊರ ಸುದ್ದಿ ಕೇಳುವುದು. ಅಡಿಕೆ ಬೇಯುವ ಹಂಡೆಯ ಒಲೆ ಎದುರು ನಿದ್ದೆ ಬಂದು, ಬೆಳಿಗ್ಗೆ ಎದ್ದಾಗ ಶಾಲೆಯ ಗಂಟೆ ಹೊಡೆದಾಗಿರುತ್ತಿತ್ತು. ಎರಡು ದಿನ ಬಿಟ್ಟು ಹೋದರೆ ಮಾಸ್ತರರು ಕೇಳುತ್ತಿದ್ದದ್ದು ಒಂದೇ, "ಏನೇ, ನಿಮ್ಮನೆ ಕೊಯ್ಲು ಮುಗೀತಾ?" ನನ್ನ ಕೈಯಲ್ಲಿ ಚೊಗರಿನ ಕಲೆ ಇರುತ್ತಿತ್ತು. ಅದೇ ಚೀಟಿ.

ಕೊಯ್ಲಿನ ಬೆನ್ನಿಗೇ ಆಲೆಮನೆ. ಕಬ್ಬಿನಹಾಲು ಬಿಸಿಲೇರಿದ ಮೇಲೆ ಕುಡಿಯುವಂಥದ್ದಲ್ಲ, ಬೆಳಗಿನ ಚಳಿಯಲ್ಲೇ ಕುಡಿಯಬೇಕು. ನೊರೆಬೆಲ್ಲವಂತೂ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಅಲ್ಲಿದ್ದವರಿಗೆ ಮಾತ್ರ. ಅದು ನಾಲ್ಕೂವರೆಗೆ ಶಾಲೆ ಬಿಡುವ ತನಕ ಕಾಯುವುದಿಲ್ಲ. ಇನ್ನು ಸಾಗರದ ಮಾರಿಜಾತ್ರೆ. ಅದು ಮೂರು ವರ್ಷಕ್ಕೊಮ್ಮೆ, ಅದೂ ಫೆಬ್ರವರಿಯಲ್ಲಿ, ವಾರ್ಷಿಕ ಪರೀಕ್ಷೆಗೆ ಎಲ್ಲರೂ ಹೆದರಿ ಕೂತಿರುವಾಗ. ಲೆಕ್ಕ ಹಾಕಿ ನೋಡಿ. ಒಂದರಿಂದ ಏಳನೇ ಕ್ಲಾಸು ಮುಗಿಯುವುದರೊಳಗೆ ಒಂದು ಮಗುವಿಗೆ ಸಿಗುವುದು ಎರಡು ಜಾತ್ರೆ, ಅದೃಷ್ಟವಿದ್ದರೆ ಮೂರು. ಪರೀಕ್ಷೆಯಾದರೆ ಪ್ರತಿ ವರ್ಷ ಬರುತ್ತದೆ.

ನನ್ನ ತಕರಾರು ಇಷ್ಟೇ. ಶಾಲೆಯ ಕ್ಯಾಲೆಂಡರ್ ಮಾಡಿದವರು ಮಲೆನಾಡಿನ ಕಡೆ ಒಮ್ಮೆಯೂ ತಿರುಗಿ ನೋಡಿಲ್ಲ. ದೊಡ್ಡ ರಜೆ ಏಪ್ರಿಲ್, ಮೇ. ಆಗ ಮಾವು, ಹಲಸು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಜೋಗದಲ್ಲಿ ಬರೀ ಬಂಡೆ. 830 ಅಡಿ ಮೇಲಿನಿಂದ ಇಳಿಯುವ ರಾಜ ಆಗ ದಾರದ ಹಾಗೆ ಸಣಕಲಾಗಿರುತ್ತಾನೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬಂದ ನೆಂಟರು ಕಂಬಿ ಹಿಡಿದು "ಇದೇನಾ ಜೋಗ?" ಅಂತ ಕೇಳುವಾಗ, ನಾವೇ ನಲ್ಲಿ ನಿಲ್ಲಿಸಿದವರ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ನದಿಗೆ 1964ರಿಂದ ಅಣೆಕಟ್ಟಿದೆ, ನೀರು ಕರೆಂಟಿಗೆ ಹೋಗುತ್ತದೆ, ಮಳೆಗಾಲದಲ್ಲಿ ಬನ್ನಿ ಅಂತ ವಿವರಿಸುತ್ತೇವೆ. ಮಳೆಗಾಲದಲ್ಲಿ ಅವರ ಮಕ್ಕಳಿಗೂ ಸ್ಕೂಲು.

ಮಳೆ ರಜೆ ಇದೆಯಲ್ಲ ಅನ್ನಬಹುದು. ಇದೆ. ಜುಲೈಯಲ್ಲಿ ರಾತ್ರಿಯೆಲ್ಲ ಮಕ್ಕಳು ಡಿಸಿ ಸಾಹೇಬರ ಆದೇಶಕ್ಕೆ ಕಾಯುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ರಜೆ, ಶಿವಮೊಗ್ಗಕ್ಕೆ ಇಲ್ಲ ಅಂತ ಬಂದರೆ ನಮ್ಮ ಬೀದಿಯಲ್ಲಿ ಸೂತಕ. ಬಂದರೂ ಅದು ಮನೆಯಿಂದ ಹೊರಗೆ ಕಾಲಿಡಬೇಡಿ ಎನ್ನುವ ರಜೆ. ಆಮೇಲೆ ಶನಿವಾರ ಮಧ್ಯಾಹ್ನ ಕೂರಿಸಿ ಅದನ್ನು ವಾಪಸ್ ವಸೂಲಿ ಮಾಡುತ್ತಾರೆ. ಅವರ ತಪ್ಪೂ ಅಲ್ಲ. ಐದನೇ ಕ್ಲಾಸಿನವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ.

ನಮ್ಮದೇ ಕಷ್ಟ ಅಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿರುವ ತಂಗಿಯ ಕಥೆ ಕೇಳಿದ ಮೇಲೆ ಸುಮ್ಮನಾದೆ. ಅಲ್ಲಿ ಶಾಲೆ ನಡೆಯುವಾಗ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ದಂಡ. ಹತ್ತು ವಾರದೊಳಗೆ ಅನುಮತಿಯಿಲ್ಲದೆ ಐದು ದಿನ ತಪ್ಪಿದರೆ, 2024ರ ಆಗಸ್ಟ್‌ನಿಂದ ತಲಾ 80 ಪೌಂಡ್. ತಲಾ ಎಂದರೆ ಒಂದು ಮಗುವಿಗೆ ಅಪ್ಪನಿಂದ ಬೇರೆ, ಅಮ್ಮನಿಂದ ಬೇರೆ. ತಂಗಿಗೆ ಎರಡು ಮಕ್ಕಳು, ಅಲ್ಲಿಗೆ 320 ಆಯ್ತು. 21 ದಿನದಲ್ಲಿ ಕಟ್ಟದಿದ್ದರೆ ಅದೂ ಡಬಲ್. ತಮ್ಮನ ಮದುವೆಯ ಮುಹೂರ್ತ ಫೆಬ್ರವರಿಯಲ್ಲಿ ಸಿಕ್ಕಾಗ ಅವಳು ಫೋನಿನಲ್ಲಿ ಅಳುವುದೊಂದು ಬಾಕಿ. "ಭಟ್ಟರಿಗೆ ಹೇಳು ಅಕ್ಕ, ಇಲ್ಲಿನ ಕ್ಯಾಲೆಂಡರ್ ಕಳಿಸ್ತೀನಿ" ಅಂದಳು. ಭಟ್ಟರು ಗುರುಬಲ ನೋಡುತ್ತಾರೆಯೇ ಹೊರತು ಟರ್ಮ್ ನೋಡುವುದಿಲ್ಲ. ಕೊನೆಗೆ ಅವಳೇ ಕೂತು ಲೆಕ್ಕ ಹಾಕಿದಳು. ಮಕ್ಕಳ ರಜೆಯಲ್ಲಿ ನಾಲ್ಕು ಟಿಕೆಟ್ಟಿಗೆ ಏರುವ ದುಡ್ಡಿನ ಎದುರು ದಂಡವೇ ಕಡಿಮೆ! ಬಂದಳು, ಹೋಳಿಗೆ ತಿಂದಳು, ಹೋಗಿ ದಂಡ ಕಟ್ಟಿದಳು.

ಅವಳು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿ ಒಬ್ಬ ಅಪ್ಪ ಮಗಳನ್ನು ಶಾಲೆ ಬಿಡಿಸಿ ಒಂದು ವಾರ ಫ್ಲಾರಿಡಾಕ್ಕೆ ಕರೆದುಕೊಂಡು ಹೋದ. ದಂಡ ಕಟ್ಟುವುದಿಲ್ಲ ಅಂದ. ಮಗಳು ಬಾಕಿ ದಿನ ಸರಿಯಾಗಿಯೇ ಹೋಗುತ್ತಾಳೆ, ಕಾನೂನು ಹೇಳುವುದೂ 'ನಿಯಮಿತವಾಗಿ' ಬರಬೇಕು ಎಂದಷ್ಟೇ ಅಲ್ವಾ ಎಂಬುದು ಅವನ ವಾದ. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 2017ರಲ್ಲಿ ಐದು ಜನ ನ್ಯಾಯಮೂರ್ತಿಗಳು ಕೂತು ಆ ಒಂದು ಪದವನ್ನು ಅಳೆದು ತೂಗಿ, ನಿಯಮಿತ ಎಂದರೆ ಶಾಲೆಯ ನಿಯಮದ ಪ್ರಕಾರ ಎಂದು ತೀರ್ಪು ಕೊಟ್ಟರು. ಅಪ್ಪ ಸೋತ. ಪಾಪ, ಅವನಿಗೆ ಜ್ವರದ ಚೀಟಿ ಬರೆಯುವುದನ್ನು ಯಾರೂ ಕಲಿಸಿರಲಿಲ್ಲವೇನೋ.

ನಾವು ಗುರುವಾರ ಹೊರಟೆವು. ಸಾಗರ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಜೋಗದಲ್ಲಿ ಇಳಿದರೆ ಕಣ್ಣೆದುರು ಬೆಳ್ಳಗೆ ಮಂಜು. ಸದ್ದು ಮಾತ್ರ ಎದೆಗೆ ಗುದ್ದುತ್ತಿತ್ತು. ಒಂದು ಗಂಟೆ ನಿಂತೆವು. ಖಾರ ಸವರಿದ ಜೋಳ ಮೂರು ಮುಗಿದವು. ಮಗಳಿಗೆ ಒಂದೇ ಯೋಚನೆ, "ಅಮ್ಮಾ, ಚೀಟಿಯಲ್ಲಿ ಜ್ವರ ಎಷ್ಟು ಡಿಗ್ರಿ ಅಂತ ಬರೀಲಿ?" ನೂರಾ ಒಂದು ಅನ್ನುವಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್ ಯಾವುದು ಯಾವುದೆಂದು ತೋರಿಸಲು ಕೈ ಎತ್ತಿದೆ. ತೋರಿಸಲು ಆಗಲಿಲ್ಲ. ನಾಲ್ಕೂ ಒಂದಾಗಿ, ಕೆಂಚು ನೀರು ಬಂಡೆಯನ್ನೇ ಕಿತ್ತುಕೊಂಡು ಬೀಳುವ ಹಾಗೆ ಬೀಳುತ್ತಿತ್ತು. ಅವಳು ಬಾಯಿ ತೆರೆದವಳು ಮುಚ್ಚಲಿಲ್ಲ. ಎರಡು ನಿಮಿಷ ಇದ್ದಿರಬೇಕು, ಮತ್ತೆ ಮಂಜು ಎಲ್ಲವನ್ನೂ ಮುಚ್ಚಿತು. ಆ ಎರಡು ನಿಮಿಷದಲ್ಲಿ ಇವರು ಫೋಟೋ ತೆಗೆದು, ಮಗಳನ್ನೂ ಸೇರಿಸಿ, ಸ್ಟೇಟಸ್ಸಿಗೆ ಹಾಕಿಯೂ ಆಗಿತ್ತು.

ಶುಕ್ರವಾರ ಅವಳಿಗೆ ನಿಜವಾಗಿ ಜ್ವರ ಬಂತು. ಥರ್ಮಾಮೀಟರ್ ಇಟ್ಟರೆ ನೂರಾ ಒಂದು. ಕೊಡದೆ ಉಳಿದಿದ್ದ ಚೀಟಿ ತೆಗೆದು 'ಒಂದು ದಿನ' ಎಂಬುದನ್ನು ಹೊಡೆದು 'ಎರಡು ದಿನ' ಎಂದು ತಿದ್ದಿದೆ. ಸ್ಟೇಟಸ್ ನೋಡಿದವರ ಪಟ್ಟಿಯಲ್ಲಿ ಕ್ಲಾಸ್ ಟೀಚರ್ ಹೆಸರು ಇದ್ದದ್ದು ಕಂಡದ್ದು ಅದಾದ ಮೇಲೆ. ಶನಿವಾರ, ಭಾನುವಾರ ನನಗೆ ಊಟ ಸೇರಲಿಲ್ಲ.

ಸೋಮವಾರ ಸಂಜೆ ಮಗಳು ಬ್ಯಾಗು ಇಳಿಸುವ ಮೊದಲೇ ಕೇಳಿದೆ, "ಚೀಟಿ ಕೊಟ್ಯಾ? ಮಿಸ್ ಏನಂದ್ರು?"

"ಸೈನ್ ಹಾಕಿದ್ರು."

"ಏನೂ ಕೇಳ್ಲಿಲ್ವಾ?"

"ಕೇಳಿದ್ರು. ಗುರುವಾರ ರಶ್ ಇತ್ತಾ ಅಂತ."