ದಾಖಲೆಯ ದೂರವಲ್ಲ, ಮೂರೂವರೆ ನಿಮಿಷ

2025ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಬ್ಯಾಟರಿ ರೈಲೊಂದು ಒಂದೇ ಚಾರ್ಜಿನಲ್ಲಿ 200.5 ಮೈಲಿ, ಅಂದರೆ ಸುಮಾರು 322 ಕಿ.ಮೀ. ಓಡಿ, 2021ರಲ್ಲಿ ಜರ್ಮನಿಯಲ್ಲಾಗಿದ್ದ 224 ಕಿ.ಮೀ. ದಾಖಲೆಯನ್ನು ಮುರಿಯಿತು. ಸುದ್ದಿಯಾದದ್ದು ಆ ದೂರ. ನನಗೆ ಮುಖ್ಯವೆನಿಸುವುದು ಅದೇ ರೈಲು ಪಶ್ಚಿಮ ಲಂಡನ್ನಿನ ವೆಸ್ಟ್ ಈಲಿಂಗ್ ನಿಲ್ದಾಣದಲ್ಲಿ ಮೂರೂವರೆ ನಿಮಿಷದಲ್ಲಿ ಚಾರ್ಜ್ ಆಗುತ್ತದೆ ಎಂಬ ಸಂಗತಿ.

ಅಲ್ಲಿಂದ ಗ್ರೀನ್‌ಫರ್ಡ್‌ವರೆಗಿನ ಶಾಖಾ ಮಾರ್ಗದ ಉದ್ದ ಎರಡೂವರೆ ಮೈಲಿ ಮಾತ್ರ. ನಡುವೆ ಮೂರು ಸಣ್ಣ ನಿಲ್ದಾಣಗಳು, ಅರ್ಧ ಗಂಟೆಗೊಂದು ರೈಲು. ಹೋಗಿಬರುವ ಹೊತ್ತನ್ನು ಕಳೆದರೆ ನಿಲ್ಲಲು ಉಳಿಯುವುದು ಕೆಲವೇ ನಿಮಿಷ. ಚಾಲಕರು ರೈಲಿನ ಈ ತುದಿಯಿಂದ ಆ ತುದಿಗೆ ಹೋಗಿ ಕೂರುವಷ್ಟರಲ್ಲಿ ಚಾರ್ಜ್ ಮುಗಿಯದಿದ್ದರೆ ಇಡೀ ವೇಳಾಪಟ್ಟಿಯೇ ಕೆಡುತ್ತದೆ. ಆದರೆ ಇಷ್ಟು ವಿದ್ಯುತ್ತನ್ನು ಬಡಾವಣೆಯ ಸಾಮಾನ್ಯ ಲೈನಿನಿಂದ ಒಮ್ಮೆಲೇ ಎಳೆಯಲಾಗದು. ಆದ್ದರಿಂದ ಹಳಿಯ ಪಕ್ಕದಲ್ಲೇ ಬೇರೆ ಬ್ಯಾಟರಿಗಳನ್ನಿಟ್ಟು, ಅವನ್ನು ನಿಧಾನವಾಗಿ ತುಂಬಿಸಿ, ರೈಲು ಬಂದು ನಿಂತಾಗ ಅದಕ್ಕೆ ಹರಿಸುತ್ತಾರೆ. ನಲ್ಲಿಯಲ್ಲಿ ಸಣ್ಣಗೆ ಬರುವ ನೀರನ್ನು ಸಂಪಿನಲ್ಲಿ ತುಂಬಿಸಿಕೊಂಡು, ಬೇಕಾದಾಗ ಮೋಟರ್ ಹಾಕಿ ಮೇಲೆತ್ತುವ ಬೆಂಗಳೂರಿನ ಮನೆಗಳ ಲೆಕ್ಕಾಚಾರವೇ ಇದು. ರೈಲಿಗೆ ಈ ವಿದ್ಯುತ್ತನ್ನು ಕೊಡುವ ಪ್ರತ್ಯೇಕ ಚಾರ್ಜಿಂಗ್ ಹಳಿಯಲ್ಲಿ, ರೈಲು ಅದರ ಮೇಲೆ ಬಂದು ನಿಲ್ಲುವವರೆಗೆ ವಿದ್ಯುತ್ ಇರುವುದಿಲ್ಲ.

ಜಪಾನಿನ ಕರಸುಯಾಮ ಮಾರ್ಗದಲ್ಲಿ 2014ರಿಂದಲೇ ಬ್ಯಾಟರಿ ರೈಲು ಓಡುತ್ತಿದೆ. ಅದು ಮುಖ್ಯ ಮಾರ್ಗದಲ್ಲಿ ತಂತಿಯ ವಿದ್ಯುತ್ತಿನಿಂದ ಓಡಿ, ಹೋಶಕುಜಿ ನಿಲ್ದಾಣದಲ್ಲಿ ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಪಡೆಯಲು ರೈಲಿನ ನೆತ್ತಿಯ ಮೇಲಿರುವ ಚೌಕಟ್ಟು) ಇಳಿಸಿ, ಮುಂದಿನ 20.4 ಕಿ.ಮೀ. ದೂರವನ್ನು ಬ್ಯಾಟರಿಯಲ್ಲೇ ಸಾಗುತ್ತದೆ. ಅಲ್ಲಿ ತಂತಿ ಬೇಕಾಗಿರುವುದು ಕೊನೆಯ ನಿಲ್ದಾಣದ ಚಾರ್ಜಿಂಗ್‌ಗೆ ಮಾತ್ರ.

ತಂತಿಯನ್ನೇ ಎಳೆಯಬಹುದಲ್ಲ ಎಂಬ ಆಕ್ಷೇಪ ದಟ್ಟಣೆಯ ಮಾರ್ಗಗಳ ಮಟ್ಟಿಗೆ ಪೂರ್ತಿ ಸರಿ. ಆದರೆ ಎರಡು ಮೂರು ಬೋಗಿಗಳ ರೈಲೊಂದಕ್ಕಾಗಿ ಕಂಬ ನೆಟ್ಟು, ಸಬ್‌ಸ್ಟೇಷನ್ ಕಟ್ಟಿ, ತಗ್ಗಿನ ಸೇತುವೆಗಳನ್ನು ಎತ್ತರಿಸುವುದು ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. ಬ್ರಾಡ್‌ಗೇಜ್ ಜಾಲಕ್ಕೆ ಬಹುತೇಕ ತಂತಿ ಎಳೆದು ಮುಗಿಸಿರುವ ಭಾರತದಲ್ಲಿ ಇಂಥ ರೈಲು ಬೇಕೆನ್ನುವವರು, ಅದಕ್ಕೆ ಇಲ್ಲಿ ಯಾವ ಮಾರ್ಗ ಉಳಿದಿದೆ ಎಂದು ಮೊದಲು ಹೇಳಲಿ.

ಬ್ರಿಟನ್ನಿನಲ್ಲಿ ಡೀಸೆಲ್ ರೈಲೇ ಓಡುವ ಇಂಥ ಗಿಡ್ಡ ಮಾರ್ಗಗಳು ಇನ್ನೂ ಬಹಳಷ್ಟಿವೆ. ಅಲ್ಲಿನ ಖರ್ಚನ್ನು ನಿರ್ಧರಿಸುವುದು, ದಿನವಿಡೀ ಮತ್ತೆ ಮತ್ತೆ ವೇಗವಾಗಿ ಚಾರ್ಜ್ ಆಗುವ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬುದು, 322 ಕಿ.ಮೀ. ದಾಖಲೆಯಲ್ಲಿ ಅದಕ್ಕೆ ಉತ್ತರವಿಲ್ಲ.